ಪ್ರಿಂಟ್ ಬರ್ತಿದೆ, ಸ್ಕ್ಯಾನ್ ಆಗ್ತಿಲ್ಲ: ಲಿನಕ್ಸ್‌ನಲ್ಲಿ ಆಲ್-ಇನ್-ಒನ್ ಮೆಷಿನ್‌ನ ಸ್ಕ್ಯಾನರ್ ಕಾಣಿಸ್ತಾನೇ ಇಲ್ಲ

ಹಳೇನೋಟ್‌ಬುಕ್
ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದರ ಹಿಂದೆ ಬಿದ್ದಿದೀನಿ, ಯಾರಾದ್ರೂ ದಾರಿ ತೋರಿಸಿ. ಮನೇಲಿ ಒಂದು ಆಲ್-ಇನ್-ಒನ್ ಇದೆ, ಪ್ರಿಂಟ್, ಸ್ಕ್ಯಾನ್, ಕಾಪಿ ಮೂರೂ ಮಾಡತ್ತೆ, ವೈಫೈಗೆ ಸೇರಿಸಿದೀನಿ. ಲ್ಯಾಪ್‌ಟಾಪ್‌ನಲ್ಲಿ ಡೆಬಿಯನ್ 12 ಅನ್ನೋ ಲಿನಕ್ಸ್. ಪ್ರಿಂಟ್ ಕೊಟ್ರೆ ಎರಡು ಸೆಕೆಂಡಿಗೆ ಕಾಗದ ಎಳ್ಕೊಳತ್ತೆ, ಒಂದು ತಕರಾರಿಲ್ಲ. ಆದ್ರೆ ಡಾಕ್ಯುಮೆಂಟ್ ಸ್ಕ್ಯಾನರ್ ಅನ್ನೋ ಆ್ಯಪ್ ತೆರೆದ್ರೆ ಯಾವ ಸ್ಕ್ಯಾನರೂ ಸಿಗಲಿಲ್ಲ ಅಂತ ಕೂತ್ಕೊಳತ್ತೆ. ಡೆಬಿಯನ್ 10 ಇದ್ದಾಗ ಕಂಪನಿಯವರ ಡ್ರೈವರ್ ಹಾಕಿ ಯುಎಸ್‌ಬಿ ಕೇಬಲ್‌ನಲ್ಲಿ ಸ್ಕ್ಯಾನ್ ಮಾಡ್ತಿದ್ದೆ, ಆಮೇಲೆ 11, 12 ಅಂತ ಅಪ್‌ಗ್ರೇಡ್ ಮಾಡ್ಕೊಂಡು ಬಂದೆ, ಮಧ್ಯದಲ್ಲಿ ಸ್ಕ್ಯಾನ್ ಬೇಕಾಗ್ಲಿಲ್ಲ, ಈಗ ಬೇಕಾಗಿದೆ, ಈಗ ಕೇಬಲ್ ಹಾಕಿದ್ರೂ ಇಲ್ಲ ವೈಫೈಲೂ ಇಲ್ಲ.

ಅರ್ಜೆಂಟ್ ಯಾಕಂದ್ರೆ ನಮ್ಮಪ್ಪನ ಕೈಬರಹದ ನೋಟ್‌ಬುಕ್ ಒಂದಿದೆ, ಹತ್ತಿರ ಹತ್ತಿರ ಇನ್ನೂರು ಪುಟ. ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿ ಪುಟ ತಿರುವಿದ್ರೆ ಪುಡಿ ಉದುರ್ತಿದೆ. ಪೂರ್ತಿ ಹೋಗೋಕ್ಮುಂಚೆ ಸ್ಕ್ಯಾನ್ ಮಾಡಿ ಇಟ್ಕೋಬೇಕು.

ಸುಮ್ನೆ_ನೋಡ್ತಿದ್ದೆ
ಸುಡೋ ಹಾಕಿ, ಅಂದ್ರೆ ಅಡ್ಮಿನ್ ಅಧಿಕಾರದಲ್ಲಿ, ಟ್ರೈ ಮಾಡಿದ್ರಾ ಸರ್?

ಪೆಂಗ್ವಿನ್_ಮರಿ
ನಂದೂ ಇದೇ ಕಥೆ!! ಪ್ರಿಂಟ್ ಓಕೆ, ಸ್ಕ್ಯಾನ್ ನಾಟ್ ಓಕೆ. ಫಾಲೋ ಮಾಡ್ತಿದೀನಿ.

ಹಳೇನೋಟ್‌ಬುಕ್
ಸುಡೋ ಹಾಕಿದ್ರೂ ಅದೇ ಉತ್ತರ. ಸ್ಕ್ಯಾನರ್‌ಗಳ ಪಟ್ಟಿ ಕೇಳೋ ಸ್ಕ್ಯಾನ್‌ಇಮೇಜ್ ಮೈನಸ್ ದೊಡ್ಡ ಎಲ್ ಕಮಾಂಡ್ ಕೊಟ್ರೆ ಯಾವ ಸ್ಕ್ಯಾನರನ್ನೂ ಗುರುತಿಸಲಾಗಲಿಲ್ಲ ಅಂತ ಬರತ್ತೆ. ಮತ್ತೆ ಸರ್ ಅಲ್ಲ, ಮೇಡಂ 🙂

ಸುಮ್ನೆ_ನೋಡ್ತಿದ್ದೆ
ಸಾರಿ ಮೇಡಂ 🙏

ಕರ್ನಲ್_ಕಥೆ
ಮೊದಲು ಒಂದು ವಿಷಯ ಸ್ಪಷ್ಟ ಮಾಡ್ಕೊಳ್ಳಿ, ಹೊಸದಾಗಿ ಬರೋ ಎಲ್ಲರೂ ಇಲ್ಲೇ ಎಡವೋದು. ಡಬ್ಬ ಒಂದೇ ಇರಬಹುದು, ಆದ್ರೆ ಲಿನಕ್ಸ್‌ಗೆ ಅದು ಎರಡು ಬೇರೆ ಬೇರೆ ಯಂತ್ರ. ಪ್ರಿಂಟ್ ನೋಡ್ಕೊಳ್ಳೋದು ಕಪ್ಸ್, ಸ್ಕ್ಯಾನ್ ನೋಡ್ಕೊಳ್ಳೋದು ಸೇನ್. ಸೇನ್ ಅಂದ್ರೆ ಸ್ಕ್ಯಾನರ್ ಆಕ್ಸೆಸ್ ನೌ ಈಸಿ ಅನ್ನೋದರ ಮೊದಲಕ್ಷರಗಳು, 1996ರಿಂದ ಇದೆ. ಇವೆರಡೂ ಒಂದಕ್ಕೊಂದು ಮಾತಾಡಲ್ಲ. ಪ್ರಿಂಟ್ ಆಗ್ತಿದೆ ಅನ್ನೋದು ಸ್ಕ್ಯಾನ್ ಬಗ್ಗೆ ಏನೂ ಹೇಳಲ್ಲ, ಅದನ್ನ ತಲೆಯಿಂದ ತೆಗೆದುಬಿಡಿ.

ಸೇನ್ ಒಳಗೆ ಬ್ಯಾಕೆಂಡ್ ಅಂತ ಇರತ್ವೆ, ಒಂದೊಂದು ಬಗೆಯ ಸ್ಕ್ಯಾನರ್‌ಗೆ ಒಂದೊಂದು. ಯಾವ್ಯಾವ ಬ್ಯಾಕೆಂಡ್ ಕೂಗಬೇಕು ಅನ್ನೋ ಪಟ್ಟಿ ಇಟಿಸಿ ಒಳಗಿನ ಸೇನ್.ಡಿ ಫೋಲ್ಡರ್‌ನಲ್ಲಿ ಡಿಎಲ್‌ಎಲ್.ಕಾನ್ಫ್ ಅನ್ನೋ ಫೈಲಲ್ಲಿರತ್ತೆ. ಎಚ್‌ಪಿಗೆ ಎಚ್‌ಪಿಎಐಒ, ಕ್ಯಾನನ್‌ಗೆ ಪಿಕ್ಸ್ಮಾ, ಬ್ರದರ್‌ಗೆ ಅವರದೇ ಬಿಆರ್‌ಸ್ಕ್ಯಾನ್, ಎಪ್ಸನ್‌ಗೆ ಎಪ್ಸನ್‌ಸ್ಕ್ಯಾನ್2, ಹೀಗೆ. ಈಗಿನ ಹೆಚ್ಚಿನ ಮೆಷಿನ್‌ಗಳಿಗೆ ಇದ್ಯಾವ್ದೂ ಬೇಡ, ಕಂಪನಿ ಡ್ರೈವರ್ ಇಲ್ದೆ ಸ್ಕ್ಯಾನ್ ಮಾಡೋ ಸೇನ್-ಏರ್‌ಸ್ಕ್ಯಾನ್ ಅನ್ನೋ ಬ್ಯಾಕೆಂಡ್ ಒಂದಿದ್ರೆ ಸಾಕು.

ಈಗ ನೀವು ಮೂರು ವಿಷಯ ಹೇಳಿ. ಕೇಬಲ್ ಹಾಕಿದಾಗ ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಡೋ ಯುಎಸ್‌ಬಿ ಸಾಧನಗಳ ಪಟ್ಟೀಲಿ ಮೆಷಿನ್ ಕಾಣತ್ತಾ? ಸೇನ್-ಏರ್‌ಸ್ಕ್ಯಾನ್ ಪ್ಯಾಕೇಜ್ ಇದೆಯಾ? ಎಲ್‌ಪಿಸ್ಟ್ಯಾಟ್ ಮೈನಸ್ ವಿ ಕೊಟ್ರೆ ಪ್ರಿಂಟ್ ಕ್ಯೂ ಯಾವ ವಿಳಾಸ ತೋರಿಸತ್ತೆ?

ಮೂಲೆಮನೆ
ಇಷ್ಟೆಲ್ಲಾ ಯಾಕೆ, ಮೊಬೈಲಲ್ಲಿ ಸ್ಕ್ಯಾನರ್ ಆ್ಯಪ್ ಇದೆಯಲ್ಲ, ಇನ್ನೂರು ಪುಟ ಒಂದು ಗಂಟೆ ಕೆಲಸ.

ಇರುಳು_ಕೋಡ್
@ಮೂಲೆಮನೆ ಬಿಲ್ಲು ರಸೀದಿಗಾದ್ರೆ ಮೊಬೈಲ್ ಸಾಕು, ಒಪ್ತೀನಿ. ಹಳೇ ನೋಟ್‌ಬುಕ್‌ಗೆ ಬೇಡ. ನಮ್ಮಜ್ಜಿಯ ಕಾಗದಗಳನ್ನ ಮೊಬೈಲಲ್ಲಿ ತೆಗೆದು ಆಮೇಲೆ ಹೊಟ್ಟೆ ಉರ್ಕೊಂಡಿದೀನಿ. ಒಂದು ಮೂಲೆ ಬೆಳ್ಳಗೆ, ಇನ್ನೊಂದು ಮೂಲೇಲಿ ನನ್ನ ಕೈ ನೆರಳು, ಬೈಂಡಿಂಗ್ ಹತ್ರ ಸಾಲುಗಳೆಲ್ಲ ಬಾಗಿಹೋಗಿದ್ವು, ಆ್ಯಪ್ ಬೇರೆ ತಾನಾಗೇ ಕಾಂಟ್ರಾಸ್ಟ್ ಏರಿಸಿ ಮಾಸಲು ಪೆನ್ಸಿಲ್ ಗೆರೆಗಳನ್ನ ಅಳಿಸೇಬಿಟ್ಟಿತ್ತು. ಗಾಜಿನ ಮೇಲೆ ಇಟ್ರೆ ಬೆಳಕು ಮೂಲೆಯಿಂದ ಮೂಲೆಗೆ ಒಂದೇ ಸಮ. ಕಾಗದ ಪುಡಿಯಾಗ್ತಿದೆ ಅಂದ್ರೆ ಎರಡನೇ ಸಲ ಮಾಡೋಕೆ ಅದು ಇರಲ್ಲ, ಮೊದಲ ಸಲವೇ ಸರಿಯಾಗಿ ಆಗ್ಬೇಕು.

ಮೂಲೆಮನೆ
ಸರಿ ಸರಿ, ಪಾಯಿಂಟ್ ಇದೆ.

ಹಳೇನೋಟ್‌ಬುಕ್
@ಕರ್ನಲ್_ಕಥೆ
1. ಎಲ್‌ಎಸ್‌ಯುಎಸ್‌ಬಿಯಲ್ಲಿ ಕಾಣತ್ತೆ, ಮಾಡೆಲ್ ಹೆಸರಿನ ಸಮೇತ. ಸೇನ್-ಫೈಂಡ್-ಸ್ಕ್ಯಾನರ್ ಕೂಡ ಯುಎಸ್‌ಬಿ ಸ್ಕ್ಯಾನರ್ ಇರೋ ಸಾಧ್ಯತೆ ಇದೆ ಅಂತ ಹೇಳತ್ತೆ. ಸ್ಕ್ಯಾನ್‌ಇಮೇಜ್ ಮಾತ್ರ ಇಲ್ಲ ಅನ್ನತ್ತೆ.
2. ಸೇನ್-ಏರ್‌ಸ್ಕ್ಯಾನ್ ಇದೆ. ನಾನು ಹಾಕಿದ ನೆನಪಿಲ್ಲ, ಅಪ್‌ಗ್ರೇಡ್ ಜೊತೆ ಬಂದಿರಬೇಕು.
3. ಎಲ್‌ಪಿಸ್ಟ್ಯಾಟ್‌ನಲ್ಲಿ ಐಪಿಪಿ (ನೆಟ್‌ವರ್ಕ್ ಪ್ರಿಂಟ್ ಭಾಷೆ) ಅಂತ ಶುರುವಾಗಿ 192.168.1.23, ಆಮೇಲೆ ಐಪಿಪಿ ಸ್ಲ್ಯಾಶ್ ಪ್ರಿಂಟ್ ಅಂತ ಇದೆ. ಆ ವಿಳಾಸ ನಾನೇ ಕೈಯಾರೆ ಕೊಟ್ಟಿದ್ದು, ಪ್ರಿಂಟರ್ ಸೇರಿಸುವಾಗ ಪಟ್ಟೀಲಿ ಬರ್ಲಿಲ್ಲ ಅಂತ.

ಎರಡನೇಸಾಲು
ಯುಎಸ್‌ಬಿ ವಿಷಯ ನಂಗೊತ್ತು. ಐಪಿಪಿ-ಯುಎಸ್‌ಬಿ ಅಂತ ಒಂದು ಸರ್ವಿಸ್ ಡೆಬಿಯನ್ 11ರಿಂದ ಜೊತೆಗೇ ಬರತ್ತೆ. ಅದು ಕೇಬಲ್‌ನ ಈ ತುದೀಲಿ ಕೂತು ಇಡೀ ಮೆಷಿನ್ ಹಿಡ್ಕೊಂಡುಬಿಡತ್ತೆ, ಬೇರೆ ಯಾರಿಗೂ ಮುಟ್ಟೋಕೆ ಬಿಡಲ್ಲ. ನಿಮ್ಮ ಕಂಪನಿ ಡ್ರೈವರ್ ಬಾಗಿಲು ತಟ್ಟಿದ್ರೆ ಬ್ಯುಸಿ ಅಂತ ಉತ್ತರ ಬರತ್ತೆ. ಆಪ್ಟ್ ಪರ್ಜ್ ಮಾಡಿ ಬಿಸಾಕಿ, ಕೇಬಲ್ ತೆಗೆದು ಹಾಕಿ, ಕೆಲಸ ಆಗತ್ತೆ. ನಾನು ಹಾಗೇ ಮಾಡಿದ್ದು.

ಬೇರು_ರೂಟ್
ದಯವಿಟ್ಟು ಹಾಗೆ ಮಾಡ್ಬೇಡಿ. ಈ ಸಲಹೆ ಎಲ್ಲಾ ಕಡೆ ಹರಿದಾಡ್ತಿದೆ, ಅರ್ಧ ಸತ್ಯ. ಐಪಿಪಿ-ಯುಎಸ್‌ಬಿ ಶತ್ರು ಅಲ್ಲ. ಅದು ಮಾಡೋದೇನಂದ್ರೆ ಯುಎಸ್‌ಬಿಯಲ್ಲಿರೋ ಮೆಷಿನ್ನನ್ನ ನೆಟ್‌ವರ್ಕ್ ಮೆಷಿನ್ ಥರ ಕಾಣಿಸೋದು. ಕೇಬಲ್ ಹಾಕಿ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಕೋಲನ್ 60000 ಅಂತ (ಲ್ಯಾಪ್‌ಟಾಪ್‌ನದೇ ವಿಳಾಸ ಅದು) ಹೊಡೀರಿ, ಪ್ರಿಂಟರ್‌ನ ಸ್ವಂತ ವೆಬ್ ಪುಟವೇ ಬರತ್ತೆ, ಇಂಕ್ ಎಷ್ಟಿದೆ ಅಂತ ಸಮೇತ. ಅದೇ ದಾರೀಲಿ ಸೇನ್-ಏರ್‌ಸ್ಕ್ಯಾನ್ ಹೋಗಿ ಸ್ಕ್ಯಾನ್ ಮಾಡತ್ತೆ. ಕಂಪನಿಯ ಡ್ರೈವರೇ ಬೇಕಾಗಿಲ್ಲ.

ಕಂಪನಿ ಡ್ರೈವರ್ ಅಂದ್ರೆ ಏನು ಗೊತ್ತಲ್ಲ, ಸೋರ್ಸ್ ಇಲ್ಲದ ಒಂದು ಗಂಟು, ಹೆಚ್ಚಾಗಿ ಇಂಟೆಲ್, ಎಎಂಡಿ ಪ್ರೊಸೆಸರ್‌ಗೆ ಮಾತ್ರ ಕಟ್ಟಿರ್ತಾರೆ, ಮಾಡೆಲ್ ಹಳೇದಾದ್ಮೇಲೆ ತಿರುಗಿ ನೋಡಲ್ಲ.

ಎರಡನೇಸಾಲು
ಎಲ್ಲಾ ಮೆಷಿನ್ನೂ ಹೊಸದಲ್ಲ ಗುರು. ನಂದು ಹದಿಮೂರು ವರ್ಷದ್ದು, ಅದಕ್ಕೆ ಡ್ರೈವರ್ ಇಲ್ದೆ ಆಗಲ್ಲ. ಪುಸ್ತಕದಲ್ಲಿ ಓದಿ ಹೇಳ್ತಿಲ್ಲ, ಕೈಯಾರೆ ಮಾಡಿದ್ದು ಹೇಳ್ತಿದೀನಿ.

ಬೇರು_ರೂಟ್
ಹಳೇದಾದ್ರೆ ಐಪಿಪಿ-ಯುಎಸ್‌ಬಿ ಅದನ್ನ ಹಿಡ್ಯೋದೇ ಇಲ್ಲ. ಎಲ್‌ಎಸ್‌ಯುಎಸ್‌ಬಿ ಮೈನಸ್ ವಿ ಕೊಟ್ಟು ನೋಡಿ, ಇಂಟರ್‌ಫೇಸ್ ಕ್ಲಾಸ್ 7, ಸಬ್‌ಕ್ಲಾಸ್ 1, ಪ್ರೋಟೋಕಾಲ್ 4 ಅಂತ ಇದ್ರೆ ಮಾತ್ರ ಅದು ಐಪಿಪಿ ಮಾತಾಡೋ ಮೆಷಿನ್. ನಿಮ್ಮದನ್ನ ಹಿಡ್ಕೊಂಡಿತ್ತು ಅಂದ್ರೆ ಆ 4 ಅದರಲ್ಲಿ ಇದೆ ಅಂತಾಯ್ತು. ಕೆಲವು ಮೆಷಿನ್‌ಗಳ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಅದನ್ನ ಅರ್ಧಂಬರ್ಧ ಮಾಡಿರತ್ತೆ ನಿಜ, ಅಂಥದ್ದಕ್ಕೆ ಐಪಿಪಿ-ಯುಎಸ್‌ಬಿಯ ಕ್ವರ್ಕ್ಸ್ (ವಿನಾಯಿತಿಗಳ) ಫೈಲಲ್ಲಿ ಆ ಮಾಡೆಲ್ ಒಂದನ್ನೇ ಬ್ಲ್ಯಾಕ್‌ಲಿಸ್ಟ್ ಮಾಡ್ಬಹುದು. ಇಡೀ ಸರ್ವಿಸ್ ಕಿತ್ತು ಬಿಸಾಕೋದು ಯಾಕೆ?

ಎರಡನೇಸಾಲು
ಬ್ಲ್ಯಾಕ್‌ಲಿಸ್ಟ್ ಮಾಡ್ಬಹುದು ಅನ್ನೋದು ಗೊತ್ತಿರ್ಲಿಲ್ಲ. ಅದು ಒಳ್ಳೇದೇ. ಆದ್ರೂ ಮೇಡಂ ಮೆಷಿನ್‌ಗೆ ಅದೇ ಕಾರಣ ಅಂತ ನನ್ನ ಅನುಮಾನ.

ಪೆಂಗ್ವಿನ್_ಮರಿ
ಸ್ವಲ್ಪ ನಂದೂ ನೋಡ್ರಪ್ಪ. ನಂಗೆ ಸುಡೋ ಹಾಕಿದ್ರೆ ಸ್ಕ್ಯಾನರ್ ಬರತ್ತೆ, ಹಾಕ್ದೇ ಇದ್ರೆ ಬರಲ್ಲ. ಯುಎಸ್‌ಬಿ.

ಕರ್ನಲ್_ಕಥೆ
@ಪೆಂಗ್ವಿನ್_ಮರಿ ಇದೇ ಕಥೆ ಅಂದಿದ್ರಿ, ನಿಮ್ಮದು ಇದಲ್ಲ, ಪೂರ್ತಿ ಬೇರೆ. ನಿಮ್ಮದು ಪರ್ಮಿಷನ್. ಎಲ್‌ಎಸ್‌ಯುಎಸ್‌ಬಿಯಲ್ಲಿ ಬಸ್ ನಂಬರ್, ಡಿವೈಸ್ ನಂಬರ್ ಬರತ್ತಲ್ಲ, ಡೆವ್ ಒಳಗೆ ಬಸ್, ಅದರೊಳಗೆ ಯುಎಸ್‌ಬಿ, ಅಲ್ಲಿ ಅದೇ ನಂಬರಿನ ಫೈಲ್ ಇರತ್ತೆ. ಅದಕ್ಕೆ ಎಲ್‌ಎಸ್ ಮೈನಸ್ ಎಲ್ ಕೊಡಿ, ಯಾವ ಗ್ರೂಪ್ ಅಂತ ಕಾಣತ್ತೆ. ಎಲ್‌ಪಿ ಅಥವಾ ಸ್ಕ್ಯಾನರ್ ಅಂತಿದ್ರೆ ಯೂಸರ್‌ಮಾಡ್ ಮೈನಸ್ ಎಜಿ ಕೊಟ್ಟು ನಿಮ್ಮನ್ನ ಆ ಗ್ರೂಪಿಗೆ ಸೇರಿಸ್ಕೊಳ್ಳಿ. ಎ ಮರೀಬೇಡಿ, ಬರೀ ಜಿ ಕೊಟ್ರೆ ನೀವಿರೋ ಬಾಕಿ ಗ್ರೂಪಿಂದೆಲ್ಲ ಹೊರಗೆ ಬೀಳ್ತೀರಿ, ಸುಡೋ ಗ್ರೂಪಿಂದಲೂ. ಆಮೇಲೆ ಲಾಗೌಟ್ ಆಗಿ ಲಾಗಿನ್ ಆಗ್ಬೇಕು, ಹೊಸ ಟರ್ಮಿನಲ್ ತೆರೆದ್ರೆ ಸಾಲ್ದು.

ಪೆಂಗ್ವಿನ್_ಮರಿ
ಗ್ರೂಪ್ ರೂಟ್ ಅಂತಿದೆ.

ಕರ್ನಲ್_ಕಥೆ
ಹಾಗಾದ್ರೆ ಸಾಧನಗಳಿಗೆ ಪರ್ಮಿಷನ್ ಹಂಚೋ ಯುಡೆವ್‌ನ ರೂಲ್ ನಿಮ್ಮ ಮಾಡೆಲ್ಲನ್ನ ಗುರುತು ಹಿಡ್ದಿಲ್ಲ. ಇಟಿಸಿ ಯುಡೆವ್ ರೂಲ್ಸ್.ಡಿ ಒಳಗೆ ಒಂದು ರೂಲ್ ಫೈಲ್ ಮಾಡಿ ನಿಮ್ಮ ಮೆಷಿನ್‌ನ ವೆಂಡರ್ ಐಡಿ, ಪ್ರಾಡಕ್ಟ್ ಐಡಿ ಹಾಕಿ, ಗ್ರೂಪ್ ಸ್ಕ್ಯಾನರ್, ಮೋಡ್ 0664 ಕೊಡಿ, ನೀವೂ ಮೇಲೆ ಹೇಳಿದಂಗೆ ಆ ಗ್ರೂಪಿಗೆ ಸೇರ್ಕೊಳ್ಳಿ. ಯುಡೆವ್‌ಅಡ್ಮ್ ಕಂಟ್ರೋಲ್ ರೀಲೋಡ್, ಕೇಬಲ್ ತೆಗೆದು ಹಾಕಿ. ದಯವಿಟ್ಟು 777 ಅಂತ ಚ್‌ಮಾಡ್ ಮಾಡ್ಬೇಡಿ, ಕೇಬಲ್ ತೆಗೆದ ಕ್ಷಣ ಅದು ಹೋಗತ್ತೆ, ಹೇಗೂ ನಿಲ್ಲಲ್ಲ.

ನೀಲಿತೆರೆ
ಹಳೇನೋಟ್‌ಬುಕ್ ಅವರ ವಿಷಯಕ್ಕೆ ಬರೋಣ. ವೈಫೈ ಇರುವಾಗ ಯುಎಸ್‌ಬಿ ಹಿಂದೆ ಯಾಕೆ ಬೀಳ್ಬೇಕು. ಮೇಡಂ ಮೊದಲು ಮೆಷಿನ್ ಸರಿ ಇದೆಯಾ ಅಂತ ಪಕ್ಕಾ ಮಾಡ್ಕೊಳ್ಳಿ. ಬ್ರೌಸರ್‌ನಲ್ಲಿ ಎಚ್‌ಟಿಟಿಪಿ, 192.168.1.23, ಸ್ಲ್ಯಾಶ್ ಇಎಸ್‌ಸಿಎಲ್, ಸ್ಲ್ಯಾಶ್ ಸ್ಕ್ಯಾನರ್‌ಕೇಪಬಿಲಿಟೀಸ್ ಅಂತ ಹಾಕಿ ಎಂಟರ್ ಹೊಡೀರಿ. ಇಎಸ್‌ಸಿಎಲ್‌ನಲ್ಲಿ ಇ ಮಾತ್ರ ಸಣ್ಣಕ್ಷರ, ಉಳಿದದ್ದು ದೊಡ್ಡದು, ಸ್ಕ್ಯಾನರ್‌ನ ಎಸ್ ದೊಡ್ಡದು, ಕೇಪಬಿಲಿಟೀಸ್‌ನ ಸಿ ದೊಡ್ಡದು. ಏನು ಬರತ್ತೆ ಹೇಳಿ.

ಹಳೇನೋಟ್‌ಬುಕ್
ಉದ್ದದ ಒಂದು ಎಕ್ಸ್‌ಎಂಎಲ್ ಬಂತು! ಮೇಲೆ ನನ್ನ ಮಾಡೆಲ್ ಹೆಸರು ಇದೆ, ಕೆಳಗೆ ಪ್ಲ್ಯಾಟನ್, ಆರ್‌ಜಿಬಿ24, ಗ್ರೇಸ್ಕೇಲ್8, ಆಮೇಲೆ 75, 100, 200, 300, 600 ಅಂತ ಸಾಲಾಗಿ ಇದೆ. ಇದು ಒಳ್ಳೇ ಸುದ್ದಿನಾ?

ನೀಲಿತೆರೆ
ಬಹಳ ಒಳ್ಳೇ ಸುದ್ದಿ. ನಿಮ್ಮ ಮೆಷಿನ್ ತಾನು ಏನೇನು ಮಾಡಬಲ್ಲೆ ಅಂತ ತಾನೇ ಬಾಯಿಬಿಟ್ಟು ಹೇಳ್ತಿದೆ. ಇಎಸ್‌ಸಿಎಲ್ ಅಂದ್ರೆ ಬರೀ ಎಚ್‌ಟಿಟಿಪಿ ಮೇಲೆ ಎಕ್ಸ್‌ಎಂಎಲ್ ಕಳಿಸೋ ಸ್ಕ್ಯಾನ್ ಭಾಷೆ. ಮೊಬೈಲ್‌ನಿಂದ ಡ್ರೈವರ್ ಇಲ್ದೆ ಸ್ಕ್ಯಾನ್ ಆಗೋದು ಇದೇ ದಾರೀಲಿ. ನಿಮ್ಮಲ್ಲಿ ಕೆಟ್ಟಿರೋದು ಸ್ಕ್ಯಾನ್ ಅಲ್ಲ, ಹುಡುಕಾಟ. ಲ್ಯಾಪ್‌ಟಾಪ್‌ಗೆ ಆ ಮೆಷಿನ್ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ, ಅಷ್ಟೇ. ಪ್ರಿಂಟ್‌ಗೆ ಯಾಕೆ ಗೊತ್ತಾಗತ್ತೆ ಅಂದ್ರೆ ನೀವೇ ವಿಳಾಸ ಬರೆದು ಕೊಟ್ಟಿದೀರಿ.

ತಾತ್ಕಾಲಿಕಕ್ಕೆ ಸ್ಕ್ಯಾನ್‌ಗೂ ಹಾಗೇ ಮಾಡಿ. ಇಟಿಸಿ ಸೇನ್.ಡಿ ಒಳಗೆ ಏರ್‌ಸ್ಕ್ಯಾನ್.ಕಾನ್ಫ್ ಇರತ್ತೆ, ಅದರಲ್ಲಿ ಡಿವೈಸಸ್ ಅನ್ನೋ ಭಾಗದ ಕೆಳಗೆ ಒಂದು ಸಾಲು ಸೇರಿಸಿ. ಎಡಗಡೆ ಉದ್ಧರಣ ಚಿಹ್ನೆ ಒಳಗೆ ನಿಮಗಿಷ್ಟವಾದ ಹೆಸರು, ಸಮ ಚಿಹ್ನೆ, ಬಲಗಡೆ ಈಗ ಬ್ರೌಸರ್‌ಗೆ ಹಾಕಿದ ವಿಳಾಸ ಇಎಸ್‌ಸಿಎಲ್ ತನಕ ಮಾತ್ರ, ಕೊನೇಲಿ ಕಾಮಾ ಹಾಕಿ ಇಎಸ್‌ಸಿಎಲ್ ಅಂತ ಇನ್ನೊಂದು ಸಲ. ಸೇವ್ ಮಾಡಿ ಸ್ಕ್ಯಾನ್‌ಇಮೇಜ್ ಮೈನಸ್ ದೊಡ್ಡ ಎಲ್ ಕೊಡಿ.

ಹಳೇನೋಟ್‌ಬುಕ್
ಬಂತು!!! ಏರ್‌ಸ್ಕ್ಯಾನ್ ಅಂತ ಶುರುವಾಗೋ ಒಂದು ಸಾಲು ಬಂತು. ಡಾಕ್ಯುಮೆಂಟ್ ಸ್ಕ್ಯಾನರ್‌ನಲ್ಲೂ ಹೆಸರು ಬಂತು. ಒಂದು ಖಾಲಿ ಹಾಳೆ ಇಟ್ಟು ಒತ್ತಿದೆ, ಒಳಗಿನ ದೀಪ ಹತ್ತಿ ನಿಧಾನಕ್ಕೆ ಸರಿಯೋಕೆ ಶುರು ಮಾಡ್ತು. ಮೂರು ದಿನ ಆದ್ಮೇಲೆ ಆ ಸದ್ದು ಕೇಳಿ ಎಷ್ಟು ಖುಷಿಯಾಯ್ತು ಹೇಳೋಕಾಗಲ್ಲ. ತುಂಬಾ ತುಂಬಾ ಥ್ಯಾಂಕ್ಸ್ ನೀಲಿತೆರೆ ಅವ್ರೆ.

ಸುಮ್ನೆ_ನೋಡ್ತಿದ್ದೆ
👏👏

ಬೇರು_ರೂಟ್
ಖುಷಿ ಆಯ್ತು, ಆದ್ರೆ ಇಲ್ಲಿಗೆ ನಿಲ್ಲಿಸ್ಬೇಡಿ. ಹುಡುಕಾಟ ಯಾಕೆ ಕೆಟ್ಟಿದೆ ಅನ್ನೋದು ಬಾಕಿ ಇದೆ. ನಾಳೆ ರೌಟರ್ ಬೇರೆ ಐಪಿ ಕೊಟ್ರೆ ಮತ್ತೆ ಶುರು. ಯುಎಸ್‌ಬಿಯಲ್ಲೂ ಕಾಣ್ಲಿಲ್ಲ ಅನ್ನೋದು ನಂಗೆ ಕೊರೀತಿದೆ, ಅಲ್ಲಿ ರೌಟರ್ ಮಧ್ಯ ಬರೋದೇ ಇಲ್ವಲ್ಲ. ಕೇಬಲ್ ಹಾಕಿ 60000 ಪುಟ ನೋಡಿದ್ರಾ?

ಹಳೇನೋಟ್‌ಬುಕ್
ಈಗ ನೋಡ್ದೆ, ಪ್ರಿಂಟರ್ ಪುಟ ಬರತ್ತೆ. ಆದ್ರೆ ಸ್ಕ್ಯಾನ್‌ಇಮೇಜ್‌ನಲ್ಲಿ ವೈಫೈದು ಒಂದೇ ತೋರಿಸತ್ತೆ, ಯುಎಸ್‌ಬಿದು ಇಲ್ಲ.

ಬೇರು_ರೂಟ್
ಅಂದ್ರೆ ಐಪಿಪಿ-ಯುಎಸ್‌ಬಿ ಕೆಲಸ ಮಾಡ್ತಿದೆ, ನಾನಿಲ್ಲಿದೀನಿ ಅಂತ ಸಾರೋದು ಮಾತ್ರ ಆಗ್ತಿಲ್ಲ. ವೈಫೈನಲ್ಲೂ ಅದೇ, ಯುಎಸ್‌ಬಿಯಲ್ಲೂ ಅದೇ. ಎರಡಕ್ಕೂ ಸಮಾನ ಏನು ಅಂದ್ರೆ ಅವಾಹಿ, ನೆಟ್‌ವರ್ಕ್‌ನಲ್ಲಿ ಸಾಧನಗಳನ್ನ ಸಾರೋ, ಹುಡುಕೋ ಸರ್ವಿಸ್. ಈ ಕಮಾಂಡ್ ಕೊಡಿ: ಅವಾಹಿ-ಬ್ರೌಸ್ ಮೈನಸ್ ಆರ್‌ಟಿ, ಸ್ಪೇಸ್, ಅಂಡರ್‌ಸ್ಕೋರ್ ಯುಸ್ಕ್ಯಾನ್ ಡಾಟ್ ಅಂಡರ್‌ಸ್ಕೋರ್ ಟಿಸಿಪಿ.

ಎರಡನೇಸಾಲು
ಫೈರ್‌ವಾಲ್ ಇರ್ಬಹುದಲ್ವಾ? ಯುಎಫ್‌ಡಬ್ಲ್ಯು ಆನ್ ಇದ್ರೆ ಒಂದ್ಸಲ ಡಿಸೇಬಲ್ ಮಾಡಿ ನೋಡಿ ಮೇಡಂ.

ನೀಲಿತೆರೆ
ಯುಎಫ್‌ಡಬ್ಲ್ಯು ತನ್ನ ಮೂಲ ರೂಲ್‌ನಲ್ಲೇ ಅವಾಹಿ ಮಾತಾಡೋ ಎಂಡಿಎನ್‌ಎಸ್‌ಗೆ, ಅಂದ್ರೆ 224.0.0.251ಕ್ಕೆ ಬರೋ ಯುಡಿಪಿ 5353ಕ್ಕೆ ದಾರಿ ಬಿಟ್ಟಿರತ್ತೆ. ಡಬ್ಲ್ಯುಎಸ್‌ಡಿ ಅನ್ನೋ ಇನ್ನೊಂದು ಹುಡುಕಾಟದ ರೀತಿ ಇದೆ, ಅದು ಯುಡಿಪಿ 3702, ಅದಕ್ಕೆ ಮಾತ್ರ ತಾನಾಗಿ ದಾರಿ ಬಿಟ್ಟಿರಲ್ಲ. ಹಾಗಾಗಿ ಫೈರ್‌ವಾಲ್ ಒಂದೇ ಕಾರಣ ಆಗಿದ್ರೆ ಎಂಡಿಎನ್‌ಎಸ್ ಕಡೆಯಿಂದ ಸಿಗ್ಬೇಕಿತ್ತು.

ಹಳೇನೋಟ್‌ಬುಕ್
@ಬೇರು_ರೂಟ್ ಡೀಮನ್ ನಾಟ್ ರನ್ನಿಂಗ್ ಅಂತ ಬಂತು, ಅಂದ್ರೆ ಆ ಸರ್ವಿಸ್ ಓಡ್ತಾನೇ ಇಲ್ಲ. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಕೇಳಿದ್ರೆ ಅವಾಹಿ-ಡೀಮನ್ ಮಾಸ್ಕ್ಡ್ ಅಂತಿದೆ. ಮಾಸ್ಕ್ಡ್ ಅಂದ್ರೆ?

ಬೇರು_ರೂಟ್
ಸಿಕ್ತು. ಡಿಸೇಬಲ್ ಅಂದ್ರೆ ತಾನಾಗಿ ಶುರುವಾಗಲ್ಲ, ಬೇರೆ ಯಾರಾದ್ರೂ ಕರೆದ್ರೆ ಏಳತ್ತೆ. ಮಾಸ್ಕ್ ಅಂದ್ರೆ ಯಾರು ಕರೆದ್ರೂ ಏಳದ ಹಾಗೆ ಡೆವ್ ನಲ್‌ಗೆ ಕಟ್ಟಿಹಾಕಿರೋದು. ಐಪಿಪಿ-ಯುಎಸ್‌ಬಿ ಏಳುವಾಗ ಅವಾಹಿಯನ್ನ ಕರೀತು, ಅದು ಏಳ್ಲಿಲ್ಲ, ಹಾಗಾಗಿ ಕೇಬಲ್‌ನಲ್ಲಿರೋ ಮೆಷಿನ್ ಬಗ್ಗೆ ಸಾರಿ ಹೇಳೋರೇ ಇರ್ಲಿಲ್ಲ. ವೈಫೈ ಕಡೆ ಮೆಷಿನ್ ಕೂಗ್ತಾನೇ ಇತ್ತು, ಲ್ಯಾಪ್‌ಟಾಪ್‌ನಲ್ಲಿ ಕಿವಿ ಕೊಡೋರು ಇರ್ಲಿಲ್ಲ. ನೀವು ಪ್ರಿಂಟರ್ ಸೇರಿಸುವಾಗ ಪಟ್ಟೀಲಿ ಬರ್ಲಿಲ್ಲ ಅಂದಿದ್ರಲ್ಲ, ಅದೂ ಇದೇ.

ಯಾರೋ ಬೇಕಂತಲೇ ಮಾಸ್ಕ್ ಮಾಡಿರ್ತಾರೆ, ಅಪ್‌ಗ್ರೇಡ್ ಹೀಗೆ ಮಾಡಲ್ಲ. ನೆನಪಿದೆಯಾ?

ಹಳೇನೋಟ್‌ಬುಕ್
ಈಗ ನೆನಪಾಯ್ತು. ಬೂಟ್ ನಿಧಾನ ಅಂತ ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್ ನೋಡ್ಕೊಂಡು ಬೇಡದ ಸರ್ವಿಸ್ ಮಾಸ್ಕ್ ಮಾಡಿ ಅನ್ನೋ ಒಂದು ಬರಹ ಓದಿ ನಾಕೈದು ಸರ್ವಿಸ್ ನಿಲ್ಲಿಸಿದ್ದೆ, ಅದರಲ್ಲಿ ಇದೂ ಒಂದು. ಅದಾಗಿ ವರ್ಷಗಳೇ ಆಯ್ತು. ಅದಕ್ಕೂ ಸ್ಕ್ಯಾನರ್‌ಗೂ ಸಂಬಂಧ ಇದೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.

ಕರ್ನಲ್_ಕಥೆ
ಅಂಥ ಬರಹ ಬರೆಯೋರ ಮೇಲೆ ನಂಗೆ ನಿಜಕ್ಕೂ ಸಿಟ್ಟು. ಅರ್ಧ ಸೆಕೆಂಡ್ ಉಳಿಸೋಕೆ ಹೇಳ್ತಾರೆ, ಆ ಸರ್ವಿಸ್ ಏನು ಮಾಡತ್ತೆ ಅಂತ ಒಂದು ಸಾಲು ಬರೆಯಲ್ಲ. ಓದಿದವರು ಎರಡು ವರ್ಷ ಆದ್ಮೇಲೆ ಪ್ರಿಂಟರ್ ಕೆಟ್ಟಿದೆ, ಲಿನಕ್ಸ್ ಸರಿ ಇಲ್ಲ ಅಂತ ಅಂದ್ಕೋತಾರೆ.

ಮೂಲೆಮನೆ
ಅವಾಹಿ ಬೇಡ ಅನ್ನೋದಕ್ಕೂ ಕಾರಣ ಇದೆ ಸ್ವಾಮಿ. ಹೊರಗಿನ ವೈಫೈನಲ್ಲಿ ನಮ್ಮ ಲ್ಯಾಪ್‌ಟಾಪ್ ಹೆಸರನ್ನ ಊರಿಗೆಲ್ಲ ಸಾರೋದು ಎಲ್ಲರಿಗೂ ಇಷ್ಟ ಆಗಲ್ಲ. 2024ರಲ್ಲಿ ಪ್ರಿಂಟರ್ ಹುಡುಕೋ ಕಪ್ಸ್-ಬ್ರೌಸ್ಡ್‌ನಲ್ಲಿ ದೊಡ್ಡ ಭದ್ರತಾ ತೂತು ಸಿಕ್ಕಿತ್ತು, ಮರೆತ್ರಾ?

ಬೇರು_ರೂಟ್
ಮರೆತಿಲ್ಲ. ಅದು 2024ರ ಸೆಪ್ಟೆಂಬರ್, ಕಪ್ಸ್-ಬ್ರೌಸ್ಡ್ ಯುಡಿಪಿ 631ರಲ್ಲಿ ಯಾರು ಏನು ಕಳಿಸಿದ್ರೂ ನಂಬ್ತಿತ್ತು. ಅದು ಬೇರೆ, ಅವಾಹಿ ಬೇರೆ. ಹೊರಗೆ ಓಡಾಡೋ ಲ್ಯಾಪ್‌ಟಾಪ್ ಅನ್ನೋ ನಿಮ್ಮ ಮಾತು ಒಪ್ತೀನಿ, ಅಂಥವರು ಹೊರಗಿನ ನೆಟ್‌ವರ್ಕ್‌ಗೆ ಫೈರ್‌ವಾಲ್‌ನಲ್ಲಿ 5353 ಮುಚ್ಚಲಿ. ಇಡೀ ಡೀಮನ್ ಸಾಯಿಸಿದ್ರೆ ಹೀಗಾಗತ್ತೆ, ಲೋಕಲ್‌ಹೋಸ್ಟ್‌ನಲ್ಲಿರೋ ಸ್ವಂತ ಯುಎಸ್‌ಬಿ ಸ್ಕ್ಯಾನರ್ರೂ ಕಾಣಲ್ಲ.

ಮೇಡಂ, ಸಿಸ್ಟಮ್‌ಸಿಟಿಎಲ್ ಅನ್‌ಮಾಸ್ಕ್ ಅಂತ ಕೊಟ್ಟು ಅವಾಹಿ-ಡೀಮನ್ ಡಾಟ್ ಸರ್ವಿಸ್, ಅವಾಹಿ-ಡೀಮನ್ ಡಾಟ್ ಸಾಕೆಟ್ ಎರಡನ್ನೂ ಹಾಕಿ. ಆಮೇಲೆ ಎನೇಬಲ್, ಮೈನಸ್ ಮೈನಸ್ ನೌ. ಏರ್‌ಸ್ಕ್ಯಾನ್.ಕಾನ್ಫ್‌ಗೆ ಸೇರಿಸಿದ ಸಾಲಿನ ಮುಂದೆ ಹ್ಯಾಶ್ ಹಾಕಿ. ಐಪಿಪಿ-ಯುಎಸ್‌ಬಿ ರೀಸ್ಟಾರ್ಟ್ ಮಾಡಿ.

ಹಳೇನೋಟ್‌ಬುಕ್
ಮಾಡ್ದೆ. ಈಗ ನಾಕು ಸಾಲು ಬರ್ತಿದೆ! ಒಂದು ಏರ್‌ಸ್ಕ್ಯಾನ್ ವೈಫೈದು, ಒಂದು ಏರ್‌ಸ್ಕ್ಯಾನ್ ಯುಎಸ್‌ಬಿ ಅಂತ ಕೊನೇಲಿ ಬರೆದಿರೋದು, ಇನ್ನೆರಡು ಇಎಸ್‌ಸಿಎಲ್ ಅಂತ ಶುರುವಾಗೋದು. ಇಲ್ಲಿ ತನಕ ಒಂದೂ ಇರ್ಲಿಲ್ಲ ಈಗ ನಾಕಾಯ್ತು, ಯಾವುದನ್ನ ಹಿಡ್ಕೊಳ್ಳಲಿ?

ನೀಲಿತೆರೆ
ನಾಕೂ ಅದೇ ಮೆಷಿನ್. ಇಎಸ್‌ಸಿಎಲ್ ಅನ್ನೋ ಬ್ಯಾಕೆಂಡ್ ಸೇನ್ ಜೊತೆಗೇ ಬರತ್ತೆ, ಏರ್‌ಸ್ಕ್ಯಾನ್ ಬೇರೆ ಪ್ಯಾಕೇಜ್, ಅಲೆಕ್ಸಾಂಡರ್ ಪೆವ್ಝ್‌ನರ್ ಅವರು ಬರೆದಿದ್ದು, ಐಪಿಪಿ-ಯುಎಸ್‌ಬಿ ಕೂಡ ಅವರದ್ದೇ. ನನ್ನ ಅನುಭವದಲ್ಲಿ ಏರ್‌ಸ್ಕ್ಯಾನ್ ಹೆಚ್ಚು ಗಟ್ಟಿ. ಡಿಎಲ್‌ಎಲ್.ಕಾನ್ಫ್‌ನಲ್ಲಿ ಇಎಸ್‌ಸಿಎಲ್ ಅನ್ನೋ ಸಾಲಿಗೆ ಹ್ಯಾಶ್ ಹಾಕಿದ್ರೆ ಪಟ್ಟಿ ಚೊಕ್ಕ ಆಗತ್ತೆ. ನೋಟ್‌ಬುಕ್ ಕೆಲಸಕ್ಕೆ ಯುಎಸ್‌ಬಿದು ಹಿಡ್ಕೊಳ್ಳಿ, ಇನ್ನೂರು ಪುಟದ ಮಧ್ಯೆ ವೈಫೈ ತಡವರಿಸೋದು ಬೇಡ.

ಇರುಳು_ಕೋಡ್
ಸೆಟ್ಟಿಂಗ್ ಬಗ್ಗೆ ನನ್ನ ಮಾತು ಕೇಳಿ ಮೇಡಂ, ಪೆಟ್ಟು ತಿಂದು ಕಲ್ತಿದ್ದು. ಕಲರ್‌ನಲ್ಲೇ ಮಾಡಿ, ಗ್ರೇ ಬೇಡ. ಕಂದು ಕಾಗದದ ಮೇಲಿನ ನೀಲಿ ಶಾಯಿ ಗ್ರೇನಲ್ಲಿ ಕಾಗದದ ಬಣ್ಣಕ್ಕೇ ಬೆರೆತುಹೋಗತ್ತೆ, ಕಲರ್ ಇದ್ರೆ ಆಮೇಲೆ ಬೇಕಾದಾಗ ಬೇರ್ಪಡಿಸಬಹುದು. 300 ಡಿಪಿಐ (ಇಂಚಿಗೆ 300 ಚುಕ್ಕೆ) ಓದೋಕೆ ಸಾಕು, ಎ4 ಪುಟಕ್ಕೆ 2480 ಗುಣಿಸು 3508 ಪಿಕ್ಸೆಲ್. 600 ಅಂದ್ರೆ 4960 ಗುಣಿಸು 7016, ಕುಗ್ಗಿಸದೆ ಇಟ್ರೆ ಪುಟಕ್ಕೆ 100 ಎಂಬಿ ದಾಟತ್ತೆ, 300ರಲ್ಲಿ 26 ಎಂಬಿ. ಕಾಗದ ಮತ್ತೊಂದ್ಸಲ ಸಿಗಲ್ಲ ಅಂತಿದ್ರೆ ನಾನಂತೂ 600 ಮಾಡ್ತೀನಿ, ಜಾಗ ಹೋದ್ರೆ ಹೋಗ್ಲಿ. ಜೆಪೆಗ್ ಬೇಡ, ಪಿಎನ್‌ಜಿ.

ಮತ್ತೆ ಪುಡಿ ಉದುರೋ ಕಾಗದವನ್ನ ಯಾವ ಕಾರಣಕ್ಕೂ ಮೇಲಿನ ಫೀಡರ್‌ಗೆ ಹಾಕ್ಬೇಡಿ, ರೋಲರ್ ಎಳೆದು ಹರಿದುಬಿಡತ್ತೆ. ಗಾಜಿನ ಮೇಲೇ ಇಡಿ, ಮುಚ್ಚಳ ಒತ್ತಬೇಡಿ. ನಾಕೈದು ಪುಟಕ್ಕೊಮ್ಮೆ ಗಾಜನ್ನ ಒಣ ಮೆತ್ತನೆ ಬಟ್ಟೇಲಿ ಒರೆಸಿ, ಆ ಪುಡಿ ಗಾಜಿನ ಮೇಲೆ ಕೂತ್ರೆ ಮುಂದಿನ ಎಲ್ಲಾ ಪುಟದಲ್ಲೂ ಚುಕ್ಕೆ ಬರತ್ತೆ.

ಕರ್ನಲ್_ಕಥೆ
ಪುಟ ಪುಟಕ್ಕೂ ಹೆಸರು ಕೊಡ್ತಾ ಕೂರೋದು ಬೇಡ. ಸ್ಕ್ಯಾನ್‌ಇಮೇಜ್‌ಗೆ ಬ್ಯಾಚ್ ಮತ್ತು ಬ್ಯಾಚ್-ಪ್ರಾಂಪ್ಟ್ ಅಂತ ಎರಡು ಆಯ್ಕೆ ಇದೆ. ಫಾರ್ಮ್ಯಾಟ್‌ಗೆ ಪಿಎನ್‌ಜಿ ಅಂತ, ಬ್ಯಾಚ್‌ಗೆ ಪುಟ, ಪರ್ಸೆಂಟ್ 03ಡಿ, ಡಾಟ್ ಪಿಎನ್‌ಜಿ ಅಂತ ಹೆಸರಿನ ಮಾದರಿ ಕೊಟ್ರೆ 001, 002 ಅಂತ ತಾನೇ ಎಣಿಸ್ಕೊಂಡು ಹೋಗತ್ತೆ, ಪ್ರತಿ ಪುಟಕ್ಕೂ ನೀವು ಎಂಟರ್ ಹೊಡೆಯೋತನಕ ಕಾಯತ್ತೆ. ಮಧ್ಯೆ ನಿಲ್ಲಿಸಿದ್ರೆ ಮುಂದಿನ ಸಲ ಬ್ಯಾಚ್-ಸ್ಟಾರ್ಟ್‌ಗೆ ಆ ಸಂಖ್ಯೆ ಕೊಡಿ, ಇಲ್ಲಾಂದ್ರೆ ಮತ್ತೆ 001ರಿಂದ ಶುರುವಾಗಿ ಹಳೇದ್ರ ಮೇಲೆ ಬರೆದುಬಿಡತ್ತೆ, ಎಚ್ಚರ.

ಮೂಲೆಮನೆ
ಆಮೇಲೆ ಟೆಸರ್ಯಾಕ್ಟ್ ಅನ್ನೋ ಪ್ರೋಗ್ರಾಂನಲ್ಲಿ ಓಸಿಆರ್ (ಚಿತ್ರದಿಂದ ಅಕ್ಷರ ಓದಿಸೋದು) ಮಾಡಿದ್ರೆ ಪಠ್ಯವೇ ಸಿಗತ್ತೆ, ಕನ್ನಡಕ್ಕೂ ಇದೆ.

ನೀಲಿತೆರೆ
ಅಚ್ಚಾದ ಕನ್ನಡಕ್ಕೆ ಇದೆ, ಕೆಎಎನ್ ಅನ್ನೋ ಭಾಷಾ ಪ್ಯಾಕ್, ಚೆನ್ನಾಗೇ ಓದತ್ತೆ. ಕೈಬರಹಕ್ಕೆ ಅದನ್ನ ತಯಾರು ಮಾಡಿಲ್ಲ, ಒತ್ತಕ್ಷರ ಎಲ್ಲಾ ಕಲಸಿ ಏನೇನೋ ಕೊಡತ್ತೆ. ಕೈಬರಹ ಕೂತು ಟೈಪ್ ಮಾಡೋದೇ ದಾರಿ.

ಎರಡನೇಸಾಲು
ನಾನು ಮನೆಗೆ ಬಂದು ಬೇರು_ರೂಟ್ ಹೇಳಿದಂಗೆ ಎಲ್‌ಎಸ್‌ಯುಎಸ್‌ಬಿ ಮೈನಸ್ ವಿ ನೋಡ್ದೆ. ಪ್ರೋಟೋಕಾಲ್ 2 ಇದೆ, 4 ಇಲ್ಲ. ಅಂದ್ರೆ ನನ್ನ ಮೆಷಿನ್ನನ್ನ ಐಪಿಪಿ-ಯುಎಸ್‌ಬಿ ಮುಟ್ಟೇ ಇರ್ಲಿಲ್ಲ, ಪರ್ಜ್ ಮಾಡಿದ್ದರಿಂದ ಸರಿಹೋಯ್ತು ಅಂತ ನಾನೇ ತಪ್ಪು ತಿಳ್ಕೊಂಡಿದ್ದೆ. ಅವತ್ತೇ ಡ್ರೈವರ್‌ನ ಫೈಲ್‌ಗಳನ್ನ ಯುಎಸ್‌ಆರ್ ಲಿಬ್64 ಸೇನ್‌ನಿಂದ ಎಕ್ಸ್86-64 ಅಂತಿರೋ ಡೆಬಿಯನ್ ಫೋಲ್ಡರ್‌ಗೆ ಲಿಂಕ್ ಮಾಡಿದ್ದೆ, ಕೆಲಸ ಮಾಡಿದ್ದು ಅದು. ಯಾರಾದ್ರೂ ಕಂಪನಿ ಡ್ರೈವರ್ ಹಾಕಿದ್ಮೇಲೂ ಸ್ಕ್ಯಾನರ್ ಬರ್ಲಿಲ್ಲ ಅಂದ್ರೆ ಅದನ್ನ ನೋಡಿ, ಎಷ್ಟೋ ಡ್ರೈವರ್‌ಗಳು ಡೆಬಿಯನ್ ಹುಡುಕದ ಜಾಗದಲ್ಲಿ ಹೋಗಿ ಕೂರತ್ವೆ. ಮೇಲಿನ ನನ್ನ ಸಲಹೆ ಯಾರೂ ಅನುಸರಿಸ್ಬೇಡಿ.

ಬೇರು_ರೂಟ್
ಇದನ್ನ ಬಂದು ಹೇಳಿದ್ದಕ್ಕೆ ಥ್ಯಾಂಕ್ಸ್ ಗುರು, ಲಿಂಕ್ ವಿಷಯ ತುಂಬಾ ಜನಕ್ಕೆ ಉಪಯೋಗಕ್ಕೆ ಬರತ್ತೆ.

ಪೆಂಗ್ವಿನ್_ಮರಿ
ನಂದೂ ಆಯ್ತು! ಯುಡೆವ್ ರೂಲ್ ಹಾಕಿದ್ರೂ ಬರ್ಲಿಲ್ಲ, ಆಮೇಲೆ ನೋಡಿದ್ರೆ ಲಾಗೌಟ್ ಆಗೋದು ಮರೆತಿದ್ದೆ.

ಹಳೇನೋಟ್‌ಬುಕ್
ಐದು ದಿನ ಬಿಟ್ಟು ಬರೀತಿದೀನಿ. 600ರಲ್ಲಿ, ಕಲರ್‌ನಲ್ಲಿ, ಒಟ್ಟು 188 ಪುಟ ಮುಗೀತು. ದಿನಕ್ಕೆ ನಲವತ್ತರಂತೆ ಮಾಡ್ದೆ. 71ನೇ ಪುಟದ ಮೂಲೇಲಿ ಪೆನ್ಸಿಲ್‌ನಲ್ಲಿ ಏನೋ ಬರೆದಿದ್ದು ಕಣ್ಣಿಗೆ ಇಷ್ಟು ವರ್ಷ ಕಂಡೇ ಇರ್ಲಿಲ್ಲ, ಸ್ಕ್ರೀನ್‌ನಲ್ಲಿ ದೊಡ್ಡದು ಮಾಡಿ ನೋಡಿದ್ರೆ ನಾನು ಹುಟ್ಟಿದ ದಿನದ ತಾರೀಕು, ಪಕ್ಕದಲ್ಲಿ ತೂಕ ಆರು ಪೌಂಡ್ ಅಂತ ಅಪ್ಪ ಬರೆದಿಟ್ಟಿದ್ರು. ಅಮ್ಮನಿಗೆ ತೋರಿಸಿದೆ, ಅವರಿಗೂ ಗೊತ್ತಿರ್ಲಿಲ್ಲ.

ಎರಡು ಬೇರೆ ಡ್ರೈವ್‌ಗೆ ಕಾಪಿ ಹಾಕಿದೀನಿ. ಇರುಳು_ಕೋಡ್ ಅವ್ರೆ, ಗಾಜು ಒರೆಸೋದು ಹೇಳಿದ್ದು ತುಂಬಾ ಒಳ್ಳೇದಾಯ್ತು, ಪ್ರತಿ ಸಲ ಬಟ್ಟೆ ಕಂದಾಗ್ತಿತ್ತು. ಮಾಸ್ಕ್ ಮಾಡಿದ್ದ ಬಾಕಿ ಸರ್ವಿಸ್‌ಗಳನ್ನೂ ಒಂದೊಂದಾಗಿ ನೋಡ್ತಿದೀನಿ. ಮೋಡೆಮ್‌ಮ್ಯಾನೇಜರ್ ಅಂತ ಒಂದಿದೆ, ಅದನ್ನ ತೆಗೀಲಾ ಬಿಡಲಾ?

ಕರ್ನಲ್_ಕಥೆ
ಸಿಮ್ ಹಾಕೋ ಡಾಂಗಲ್ ಬಳಸಲ್ಲ ಅಂದ್ರೆ ಅದು ಮಾಸ್ಕ್ ಇದ್ರೂ ತೊಂದ್ರೆ ಇಲ್ಲ ಮೇಡಂ. ಉಳಿದವು ಯಾವ್ಯಾವು ಇದೆ, ಪಟ್ಟಿ ಹಾಕಿ.